ಬೈಂದೂರಿನ ಬಾಯ್ಲರಿನಲ್ಲಿ ನೀರಿತ್ತು

ಕಳೆದ ತಿಂಗಳು ನಮ್ಮ ಹಳೆಯ ಕಚೇರಿಯ ಕಿರಿಯ ಇಂಜಿನಿಯರರೊಬ್ಬರು ಮನೆಗೆ ಬಂದು ಒಂದು ಸ್ಮರಣ ಸಂಚಿಕೆಯನ್ನು ಕೊಟ್ಟುಹೋದರು. ಕಾಗದ ನುಣುಪಾಗಿದೆ, ಮೊದಲ ಹತ್ತು ಪುಟಗಳಲ್ಲಿ ಹಾರ ಹಾಕಿಸಿಕೊಂಡವರ ಚಿತ್ರಗಳಿವೆ. ಹನ್ನೊಂದನೆಯ ಪುಟದಲ್ಲಿ, ಸೇತುವೆಗಳಿಗಾಗಿ ನಡೆದ ಮೋಜಣಿಯ ಕಾಲದ ಕಷ್ಟಗಳನ್ನು ವರ್ಣಿಸುವಾಗ, ಹೀಗೊಂದು ವಾಕ್ಯ ಬರುತ್ತದೆ: "ಬೈಂದೂರು ಶಿಬಿರದಲ್ಲಿ ಸ್ಥಳೀಯ ಸೇವಕನೊಬ್ಬನು ಅಜ್ಞಾನದಿಂದ ನೀರಿಲ್ಲದ ಬಾಯ್ಲರಿಗೆ ಉರಿ ಹಚ್ಚಿದ್ದರಿಂದ ಅದು ಸಿಡಿದು, ಅಧಿಕಾರಿಗಳು ದೈವಕೃಪೆಯಿಂದ ಪಾರಾದರು."

ಈ ವಾಕ್ಯದಲ್ಲಿ ನಿಜವಾದವು ಬೈಂದೂರು ಎಂಬ ಊರಿನ ಹೆಸರು ಮತ್ತು ಬಾಯ್ಲರ್ ಸಿಡಿದದ್ದು, ಇವೆರಡೇ. ಇದನ್ನು ಬರೆದವರು ಆ ಕಾಲಕ್ಕೆ ಹುಟ್ಟಿರಲಿಲ್ಲ. ಹುಟ್ಟದೆ ಇದ್ದದ್ದು ಅವರ ತಪ್ಪಲ್ಲ. ಕೇಳದೆ ಬರೆದದ್ದು ತಪ್ಪು. ಬಾಯ್ಲರಿನ ಉಸ್ತುವಾರಿ ನೋಡಿದ ಮೆಕ್ಯಾನಿಕ್ ಇನ್ನೂ ಬದುಕಿದ್ದಾನೆ. ಅವನ ಮನೆ ಅವರ ಕಚೇರಿಯಿಂದ ಸೈಕಲ್ಲಿನಲ್ಲಿ ಹದಿನೈದು ನಿಮಿಷದ ದಾರಿ. ಆದರೆ ನಮ್ಮ ವಿದ್ಯಾವಂತರಿಗೆ ಹಳೆಯ ಫೈಲು ಸಿಕ್ಕಿದ ಮೇಲೆ ಹಳೆಯ ಮನುಷ್ಯ ಬೇಕಾಗುವುದಿಲ್ಲ.

ಸಂಚಿಕೆ ಕೊಡಲು ಬಂದ ಯುವಕರೇ "ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಉಪಯೋಗವಾಗುವಂತೆ ಏನಾದರೂ ಬರೆಯಿರಿ" ಎಂದು ಕೇಳಿಕೊಂಡಿದ್ದಾರೆ. ಆದ್ದರಿಂದ ಬರೆಯುತ್ತೇನೆ. ನನ್ನ ಬಡ್ತಿಗಳ ಪಟ್ಟಿಯನ್ನು ಇದರಲ್ಲಿ ಹುಡುಕಬೇಡಿ. ಅವು ನಾನು ಕೆಲಸ ಕಲಿತದ್ದರಿಂದ ಬಂದವಲ್ಲ; ನನ್ನ ಮೇಲಿನವರು ಒಬ್ಬೊಬ್ಬರಾಗಿ ನಿವೃತ್ತರಾದದ್ದರಿಂದ ಬಂದವು.

ನಾನು ಗಂಗೊಳ್ಳಿಯ ದೋಣಿ ಕಟ್ಟುವ ಆಚಾರಿಯ ಮಗ. ಐದನೆಯ ತರಗತಿಯ ನಂತರ ಶಾಲೆ ನನ್ನನ್ನು ಬಿಟ್ಟಿತು. ನಾನು ಓದನ್ನು ಬಿಡಲಿಲ್ಲ. ಯುದ್ಧದ ವರ್ಷಗಳಲ್ಲಿ ಕುಂದಾಪುರದ ಒಂದು ಬಸ್ ಶೆಡ್ಡಿನಲ್ಲಿದ್ದೆ. ಪೆಟ್ರೋಲು ಸಿಗದೆ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ ಓಡಿಸುತ್ತಿದ್ದ ಕಾಲವದು. ಇದ್ದಿಲಿನ ಹೊಗೆಯಲ್ಲಿ ಕೂತು, ಹರಿದ ಇಂಗ್ಲಿಷ್ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು, ಡೈನಮೋ ಮತ್ತು ಬ್ಯಾಟರಿಯ ಪುಸ್ತಕಗಳನ್ನು ಒಂದೊಂದೇ ಪದವಾಗಿ ಬಿಡಿಸಿದೆ. ಗುರುಗಳಿಲ್ಲದೆ ಕಲಿತವನಿಗೆ ಒಂದು ಲಾಭವಿದೆ. ಯಾರನ್ನೂ ಸುಮ್ಮನೆ ನಂಬುವ ಅಭ್ಯಾಸ ಅವನಿಗೆ ಆಗುವುದಿಲ್ಲ. ಒಂದು ನಷ್ಟವೂ ಇದೆ. ತನ್ನನ್ನು ಮಾತ್ರ ಅವನು ಅತಿಯಾಗಿ ನಂಬುತ್ತಾನೆ. ಎರಡೂ ಮುಂದೆ ಬರುತ್ತವೆ.

ಯುದ್ಧ ಮುಗಿದ ಮೇಲೆ ನಮ್ಮ ಹೊಳೆಗಳಿಗೆ ಸೇತುವೆ ಎಲ್ಲಿ ಹಾಕಬಹುದೆಂದು ನೋಡಲು ಒಂದು ಮೋಜಣಿ ಕಚೇರಿ ಬಂತು. ಅದರ ಜೊತೆಗೆ ಸೈನ್ಯದವರು ಮಾರಿದ ಮೂರು ಟ್ರೈಲರುಗಳೂ ಬಂದವು. ಲಾರಿಯ ಹಿಂದೆ ಕೊಂಡಿ ಹಾಕಿ ಎಳೆಯುವ, ಒಳಗೆ ಮಂಚ, ಮೇಜು, ಸ್ನಾನದ ಮೂಲೆ ಎಲ್ಲ ಇರುವ ಪೆಟ್ಟಿಗೆಗಳು. ಊರವರು ಅವನ್ನು ಗಾಲಿಮನೆ ಎಂದರು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಆ ಗಾಲಿಮನೆಗಳನ್ನು ಎರಡು ದೋಣಿಗಳ ಮೇಲೆ ಹಲಗೆ ಹಾಸಿದ ಜೋಡುದೋಣಿಯಲ್ಲಿ ಹೊಳೆ ದಾಟಿಸಬೇಕಾಗಿತ್ತು. ಸೇತುವೆ ಹಾಕುವವರಿಗೇ ಸೇತುವೆ ಇರಲಿಲ್ಲ. ಪ್ರತಿ ದಾಟಿನಲ್ಲೂ ಉಪ್ಪುನೀರು ಟ್ರೈಲರಿನ ಹೊಟ್ಟೆಗೆ ಎರಚುತ್ತಿತ್ತು. ನನಗೆ ಎರಡು ವರ್ಷ ಅನ್ನ ಹಾಕಿದ್ದು ಆ ಉಪ್ಪುನೀರು.

ಆ ಕಚೇರಿಗೆ ಮೆಕ್ಯಾನಿಕ್ ಆಗಿ ಸೇರಿದ ನನ್ನ ಜವಾಬ್ದಾರಿ ಎರಡು: ದೀಪ ಮತ್ತು ಬಿಸಿನೀರು. ದೀಪ, ಫ್ಯಾನುಗಳಿಗೆ ಬ್ಯಾಟರಿ. ಅದನ್ನು ತುಂಬಿಸಲು ಲಾರಿಯ ಡೈನಮೋ. ಬಿಸಿನೀರಿಗೆ, ಸ್ನಾನದ ಮೂಲೆಯಲ್ಲಿ ಎತ್ತರಕ್ಕೆ ಕೂರಿಸಿದ, ಒಳಗೆ ಕಲಾಯಿ ಹಾಕಿದ ಮುಚ್ಚಿದ ತಾಮ್ರದ ಬಾಯ್ಲರು. ಮೇಲೆ ನೀರು ಹೊಯ್ಯುವ ಬಾಯಿ, ಅದಕ್ಕೆ ತಿರುಪಿನ ಮುಚ್ಚಳ, ಕೆಳಗೆ ಸೀಮೆಎಣ್ಣೆಯ ಒತ್ತಡದ ಒಲೆ, ಬದಿಯಲ್ಲಿ ನಳ್ಳಿ. ಇವುಗಳ ಜೊತೆಗೆ, ನೆತ್ತಿಯ ಮೇಲೆ, ಹೆಬ್ಬೆರಳಿನಷ್ಟು ದಪ್ಪದ ಒಂದು ಹಿತ್ತಾಳೆ ವಾಲ್ವು. ಆ ವಾಲ್ವಿನ ವಿಚಾರ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಟ್ರೈಲರುಗಳ ಜೊತೆ ಬಂದಿದ್ದ ಕೈಪಿಡಿಯನ್ನು ನಮ್ಮ ಕ್ಯಾಂಪ್ ಆಫೀಸರ್ ಪದ್ಮನಾಭಯ್ಯನವರು ತಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದರು. ಒಂದು ಬಾರಿ ಕೇಳಿದೆ.

"ಅದು ಇಂಗ್ಲಿಷಿನಲ್ಲಿದೆ," ಎಂದರು.

"ಓದುತ್ತೇನೆ ಸ್ವಾಮಿ."

"ಓದಿದರೆ ಸಾಲದು, ಅರ್ಥವಾಗಬೇಕು," ಎಂದು ಹೇಳಿ ಟ್ರಂಕಿನ ಮೇಲೆ ಕಾಲಿಟ್ಟುಕೊಂಡು ಕೂತರು. ಕೈಪಿಡಿಗೆ ಅವರು ಕೊಟ್ಟ ಉಪಯೋಗ ಅದೊಂದೇ, ಕಾಲುಮಣೆ.

ಅಧಿಕಾರಿಗಳ ಟ್ರೈಲರಿನಲ್ಲಿ ನೀರು ತುಂಬಿ ಒಲೆ ಹಚ್ಚುವವನು ಶೀನ. ಕುಂದಾಪುರದ ಕಡವಿನಲ್ಲಿ, ಜನರನ್ನು ಹೊಳೆ ದಾಟಿಸುವ ದೋಣಿಯ ಚುಕ್ಕಾಣಿ ಹಿಡಿಯುತ್ತಿದ್ದವನು. ನನಗಿಂತ ಹತ್ತು ವರ್ಷ ಹಿರಿಯ. ಸರಕಾರಿ ಕೆಲಸವೆಂಬ ಆಸೆಗೆ ಚುಕ್ಕಾಣಿ ಬಿಟ್ಟು ಬಕೆಟ್ ಹಿಡಿದಿದ್ದ. ಒಲೆ ಹಚ್ಚುವ ಮೊದಲು ಅವನು ಬಾಯ್ಲರಿನ ಹೊಟ್ಟೆಗೆ ಬೆರಳ ಗೆಣ್ಣಿನಿಂದ ಮೂರು ಬಾರಿ ತಟ್ಟುತ್ತಿದ್ದ. ನಮ್ಮ ಕಡೆಯ ಬಚ್ಚಲುಗಳಲ್ಲಿ ಹಂಡೆಗೆ ಬೆಂಕಿ ಹಾಕುವ ಪ್ರತಿಯೊಬ್ಬರೂ ಹೀಗೆಯೇ ತಟ್ಟುತ್ತಾರೆ. ತುಂಬಿದ ಹಂಡೆ ಮಂದವಾಗಿ 'ದಬ್' ಎನ್ನುತ್ತದೆ. ಬರಿದಾದದ್ದು 'ಠಣ್' ಎನ್ನುತ್ತದೆ. ಬರಿದಾದ ಹಂಡೆಗೆ ಬೆಂಕಿ ಹಾಕುವುದು ನಮ್ಮಲ್ಲಿ ಬರಿಯ ಅಜಾಗರೂಕತೆಯಲ್ಲ, ಮನೆತನಕ್ಕೆ ಹತ್ತುವ ಅಪಹಾಸ್ಯ. ಪದ್ಮನಾಭಯ್ಯನವರಿಗೆ ಮಾತ್ರ ಈ ಸದ್ದು ಬೇಡವಾಗಿತ್ತು.

"ಏನಯ್ಯಾ, ಬಾಯ್ಲರಿನ ಬಾಗಿಲು ಬಡಿಯುತ್ತೀಯಲ್ಲ, ಒಳಗೆ ಯಾರಿದ್ದಾರೆ?"

"ನೀರ್ ಇತ್ತ್ ಒಡೆಯಾ. ಮಾತಾಡ್ಸಿ ಕಾಂತೆ," ಎನ್ನುತ್ತಿದ್ದ ಶೀನ.

ಬಾರ್ಕೂರಿನ ಶಿಬಿರದಲ್ಲಿ ಮೊದಲ ಪೇಚು ಬಂತು. ಮೂರೂ ಟ್ರೈಲರುಗಳ ದೀಪಗಳು ಮಂದವಾದವು. ಪದ್ಮನಾಭಯ್ಯನವರು ಮೇಲಿನ ಕಚೇರಿಗೆ ಎರಡು ಪುಟದ ವರದಿ ಬರೆದರು. ಅದರ ಪ್ರಕಾರ ಕರಾವಳಿಯ ತೇವಗಾಳಿಯಲ್ಲಿ ವಿದ್ಯುತ್ತು ತಂತಿಯಿಂದ ಆವಿಯಾಗಿ ಹೋಗುತ್ತಿತ್ತು. ಹೊಸ ಬ್ಯಾಟರಿಗಳು ಬೇಕಾಗಿದ್ದವು. ಬ್ಯಾಟರಿಗಳು ಬಂದವು. ದೀಪಗಳು ಹಾಗೆಯೇ ಮಂದವಾಗಿ ಉರಿದವು. ನಾನು ಟ್ರೈಲರಿನ ಅಡಿಗೆ ಬೆನ್ನು ಕೊಟ್ಟು ಮಲಗಿ ತಂತಿ ಹಿಡಿದು ಹೋದೆ. ಶೀನ ಬದಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ.

"ಹ್ವಾಯ್ ಆಚಾರಿ, ಒಂದ್ ತಂತಿ ಬಲ್ಬಿಗೆ ಹೋತ್. ತಿರ್ಗಿ ಬಪ್ಪ ದಾರಿ ಎಲ್ಲಿತ್ತ್ ಮಾರಾಯ?"

"ಗಾಡಿ ಮೈಯೇ ದಾರಿ ಶೀನಣ್ಣ. ಕಬ್ಣದ್ ಮೇಲೇ ತಿರ್ಗಿ ಬತ್ತ್."

"ಹಾಂಗಾರೆ ದಾರಿ ಮೇಲ್ ಎಂತದೋ ಅಡ್ಡ ಬಿದ್ದಿತ್ತ್. ಕಾಣ್, ಅದೇ."

ಅದೇ ಆಗಿತ್ತು. ಬ್ಯಾಟರಿಯ ತಂತಿಯನ್ನು ಚೌಕಟ್ಟಿಗೆ ಬಿಗಿದಿದ್ದ ಒಂದು ಬೋಲ್ಟಿನ ಕೆಳಗೆ ಉಪ್ಪುನೀರಿನ ತುಕ್ಕು ಹಪ್ಪಳದಂತೆ ಕೂತಿತ್ತು. ಅರದಿಂದ ಉಜ್ಜಿ, ಗ್ರೀಸು ಮೆತ್ತಿ ಬಿಗಿದೆ, ದೀಪ ಬೆಳಗಿತು. ಉಳಿದ ಎರಡರಲ್ಲೂ ಅದೇ ಬೋಲ್ಟು, ಅದೇ ತುಕ್ಕು. ಎರಡು ಪುಟದ ವರದಿಗೆ ಉತ್ತರ ಮೂರು ಬೋಲ್ಟುಗಳಲ್ಲಿತ್ತು. ಪದ್ಮನಾಭಯ್ಯನವರು ಮೂರನೆಯ ಪುಟವೊಂದನ್ನು ಬರೆದರು: ಹೊಸ ಬ್ಯಾಟರಿಗಳಿಂದ ಪರಿಸ್ಥಿತಿ ಸುಧಾರಿಸಿದೆ. ಈಗ ಕೆಲಸಕ್ಕೆ ಸೇರುವವರಿಗೆ ಹೇಳುತ್ತೇನೆ. ದೀಪ ಮಂದವಾದರೆ ಬ್ಯಾಟರಿಯನ್ನು ಬೈಯುವ ಮೊದಲು ನೆಲಕ್ಕೆ ಮಲಗಿ ಬೋಲ್ಟು ನೋಡಿ. ಮಲಗಲು ನಾಚಿಕೆಯಾಗುವವರು ವರದಿ ಬರೆಯುವ ಕೆಲಸಕ್ಕೆ ಅರ್ಜಿ ಹಾಕಿ.

ಇಷ್ಟು ಬರೆದ ಮೇಲೆ ಬ್ರಹ್ಮಾವರವನ್ನು ಬಿಟ್ಟುಹೋದರೆ ನಾನೂ ಸ್ಮರಣ ಸಂಚಿಕೆಯವರ ಸಾಲಿಗೆ ಸೇರುತ್ತೇನೆ. ಮಳೆಗಾಲದ ಆರಂಭ. ಬ್ಯಾಟರಿಗೆ ಹೊಯ್ಯುವ ಭಟ್ಟಿ ಇಳಿಸಿದ ನೀರಿನ ಜಾಡಿಗಳು ಹೊಳೆಯ ಆಚೆ ಸಿಕ್ಕಿಬಿದ್ದಿದ್ದವು. ತೆರೆಯ ಅಬ್ಬರಕ್ಕೆ ಜೋಡುದೋಣಿ ಬಿಡುತ್ತಿರಲಿಲ್ಲ. ಬಾವಿಯ ನೀರಿನಲ್ಲಿ ಮಣ್ಣಿನ ಲವಣವಿರುತ್ತದೆ, ಬ್ಯಾಟರಿಗೆ ಆಗದು ಎಂದು ಪುಸ್ತಕದಲ್ಲಿ ಓದಿದ್ದೆ. ಮಣ್ಣು ತಾಗದ ನೀರು ಯಾವುದೆಂದು ಯೋಚಿಸಿದೆ. ಮರವೇ ಬೇರಿನಿಂದ ಸೋಸಿ, ಐವತ್ತಡಿ ಮೇಲಕ್ಕೆ ಏರಿಸಿ, ಗಾಳಿಯಾಡದಂತೆ ಮುಚ್ಚಿಟ್ಟ ನೀರು ನಮ್ಮ ಕಣ್ಣೆದುರೇ ತೂಗುತ್ತಿತ್ತು. ನಾಲ್ಕು ಸೀಯಾಳ ಇಳಿಸಿದೆ. ಬಿಳಿಯ ಬಟ್ಟೆಯಲ್ಲಿ ಸೋಸಿ, ಆರೂ ಕೋಶಗಳಿಗೆ ಶ್ರದ್ಧೆಯಿಂದ ಹೊಯ್ದೆ.

ಶೀನ ನೋಡುತ್ತ ನಿಂತಿದ್ದ. "ಎಂತ ಆಚಾರಿ, ಬ್ಯಾಟ್ರಿಗೆ ಉಷ್ಣ ಆಯಿತಾ?"

"ಇದ್ ವಿಜ್ಞಾನ ಶೀನಣ್ಣ. ನಿಂಗೆ ಗೊತ್ತಾತಿಲ್ಲ."

"ಗೊತ್ತಾತಿಲ್ಲ ಮಾರಾಯ. ಸೀಯಾಳ ಕುಡ್ದ್ ತಂಪಾಪ್ದ್ ಮಾತ್ರ ಗೊತ್ತಿತ್ತ್."

ಬ್ಯಾಟರಿಯೂ ತಂಪಾಯಿತು, ಶಾಶ್ವತವಾಗಿ. ಎರಡನೆಯ ದಿನ ನೊರೆ, ನಾಲ್ಕನೆಯ ದಿನ ಹುಳಿವಾಸನೆ, ವಾರದಲ್ಲಿ ತಟ್ಟೆಗಳು ಸತ್ತವು. ನಾಚಿಕೆಯ ಸಂಗತಿ ಇದಲ್ಲ. ನಾನು ಮರ ಹತ್ತಿಸಿ ಸೀಯಾಳ ಇಳಿಸುತ್ತಿದ್ದಾಗ ನನ್ನ ತಲೆಯ ಮೇಲೆ, ಹೆಗಲ ಮೇಲೆ, ಬ್ಯಾಟರಿಯ ಮುಚ್ಚಳದ ಮೇಲೆ ಮಳೆ ಸುರಿಯುತ್ತಿತ್ತು. ಶುಚಿಯಾದ ಗಾಜಿನ ಪಾತ್ರೆಯೊಂದನ್ನು ಬಯಲಿನಲ್ಲಿಟ್ಟಿದ್ದರೆ ಸಾಕಿತ್ತು. ಆಕಾಶವೇ ಭಟ್ಟಿ ಇಳಿಸಿ ಕೊಟ್ಟದ್ದನ್ನು ಕೊಡವಿ ಹಾಕಿ ತೆಂಗಿನ ಮರವನ್ನು ನಂಬಿದ ಪಂಡಿತ ನಾನು. ಪದ್ಮನಾಭಯ್ಯನವರು ಅಂದಿನಿಂದ ನನ್ನನ್ನು ಸೀಯಾಳದ ಮೆಕ್ಯಾನಿಕ್ ಎಂದು ಕರೆದರು. ಕರೆಯಲಿ ಎಂದುಕೊಂಡೆ. ಆ ಹೆಸರಿನ ಬೆಲೆಯನ್ನು ಇನ್ನೊಬ್ಬ ತೆರಬೇಕಾಗುತ್ತದೆಂದು ಆಗ ತಿಳಿಯಲಿಲ್ಲ.

ಮಳೆ ಕಳೆದು ಶಿಬಿರ ಬೈಂದೂರಿನ ಹೊಳೆಯ ಬದಿಗೆ ಬಂತು. ಅಷ್ಟರಲ್ಲಿ ದೇಶ ಸ್ವತಂತ್ರವಾಗಿತ್ತು. ಶಿಬಿರದ ಕಂಬದ ಮೇಲಿನ ಬಾವುಟ ಬದಲಾಗಿತ್ತು. ಕೆಳಗೆ ಕೂತವರ ದನಿ ಬದಲಾಗಿರಲಿಲ್ಲ.

ಒಂದು ಬೆಳಿಗ್ಗೆ ಪದ್ಮನಾಭಯ್ಯನವರು ನನ್ನನ್ನು ಕರೆಸಿದರು. ಬಾಯ್ಲರಿನ ನೆತ್ತಿಯ ವಾಲ್ವಿನಿಂದ ಬಿಸಿನೀರು ತೊಟ್ಟಿಕ್ಕಿ, ಬದಿಯ ಗೂಟದಲ್ಲಿದ್ದ ಅವರ ಇಸ್ತ್ರಿ ಮಾಡಿದ ಕೋಟನ್ನು ನೆನೆಸಿತ್ತು.

"ಇದೇನು, ಹೆಂಚಿನ ಮನೆಯೇ? ನನ್ನ ಟ್ರೈಲರಿನಲ್ಲಿ ಒಂದು ಹನಿಯೂ ಬೀಳಕೂಡದು. ಇಂದೇ ನಿಲ್ಲಿಸು."

ಈಗ ನೀವು ಕೇಳಬಹುದು, ಆ ವಾಲ್ವು ಇರುವುದೇ ನೀರು ಹಿಗ್ಗಿದಾಗ ತೊಟ್ಟಿಕ್ಕಲು, ಒತ್ತಡ ಏರಿದಾಗ ಹಬೆ ಬಿಡಲು ಅಲ್ಲವೇ ಎಂದು. ಹೌದು. ಆ ಹನಿಯನ್ನು ಹೊರಕ್ಕೆ ಒಯ್ಯುವ ಒಂದು ಸಣ್ಣ ಕೊಳವೆ ಇರಬೇಕಾಗಿತ್ತು. ಸೈನ್ಯದವರ ಕೈಯಲ್ಲೇ ಎಲ್ಲೋ ಕಳೆದುಹೋಗಿತ್ತು. ಎರಡಡಿ ಕೊಳವೆ ಹಾಕಿದ್ದರೆ ಕೋಟೂ ಉಳಿಯುತ್ತಿತ್ತು, ಬಾಯ್ಲರೂ ಉಳಿಯುತ್ತಿತ್ತು. ಇದೆಲ್ಲ ಕೈಪಿಡಿಯಲ್ಲಿತ್ತು; ಕೈಪಿಡಿ ಕಾಲುಮಣೆಯಾಗಿತ್ತು. ಆದರೆ ಕೈಪಿಡಿಯ ಮೇಲೆ ಎಲ್ಲವನ್ನೂ ಹಾಕಿ ನಾನು ಜಾರಿಕೊಳ್ಳುವುದಿಲ್ಲ. ನಾನು ದೋಣಿ ಕಟ್ಟುವವರ ಮಗ. ಎಲ್ಲಿಯಾದರೂ ನೀರು ಜಿನುಗುವುದನ್ನು ಕಂಡರೆ ನಮ್ಮ ಕೈ ಸುಮ್ಮನಿರುವುದಿಲ್ಲ. ಜಿನುಗುವ ದೋಣಿಯನ್ನು ಹೊಳೆಗೆ ಬಿಟ್ಟ ಆಚಾರಿಗೆ ನಮ್ಮಲ್ಲಿ ಮತ್ತೆ ಕೆಲಸವಿಲ್ಲ. ನಿಲ್ಲಿಸು ಎಂದದ್ದು ಆಫೀಸರು. ಹೇಗೆ ನಿಲ್ಲಿಸಬೇಕೆಂದು ನನಗೆ ಹೇಳಿದ್ದು ನನ್ನ ಅಪ್ಪನ ಉಳಿ.

ಒಣಗಿದ ಹೊನ್ನೆಮರದ ಚೂರಿನಿಂದ ಕಿರಿದಾದ ಬೆಣೆ ಕೆತ್ತಿದೆ. ಎಣ್ಣೆಯಲ್ಲಿ ಅದ್ದಿದ ಹತ್ತಿನೂಲನ್ನು ಅದಕ್ಕೆ ಸುತ್ತಿ, ವಾಲ್ವಿನ ಬಾಯಿಗೆ ಬಡಿದು, ಮೇಲಿಂದ ತಂತಿ ಬಿಗಿದೆ. ದೋಣಿಯ ಬೆಣೆಯ ಗುಣವೆಂದರೆ ನೀರು ತಾಗಿದಷ್ಟೂ ಹಿಗ್ಗಿ ಬಿಗಿಯಾಗುವುದು. ಒಂದು ಹನಿ ಬೀಳಲಿಲ್ಲ. ನನ್ನ ಬದುಕಿನಲ್ಲಿ ಅಷ್ಟು ಒಪ್ಪವಾದ ಬೆಣೆಯನ್ನು ನಾನು ಇನ್ನೊಂದು ಹೊಡೆದಿಲ್ಲ.

ಕೆಲವು ದಿನ ಏನೂ ಆಗಲಿಲ್ಲ. ನೀರು ಬೆಚ್ಚಗಾಗುತ್ತಲೇ ಶೀನ ಒಲೆ ಆರಿಸಿ ನಳ್ಳಿ ತೆರೆಯುತ್ತಿದ್ದನಾದ್ದರಿಂದ ಒತ್ತಡ ಏರಲು ಸಮಯ ಸಿಗುತ್ತಿರಲಿಲ್ಲ. ಆದರೂ ಒಂದು ದಿನ ಅವನು ಬಂದು ಹೇಳಿದ:

"ಆಚಾರಿ, ನಳ್ಳಿ ಬಿಟ್ಟ್ರೆ ನೀರ್ ಬೀಳುದಲ್ಲ ಮಾರಾಯ, ಉಗೀತ್. ಸಿಟ್ಟ್ ಬಂದವ್ರ್ ಉಗ್ದಾಂಗೆ. ಎಂತ ಮಾಡಿದ್ದೆ ಅದ್ಕೆ?"

"ಸೋರುದ್ ನಿಂತ್ರೆ ನೀರಿಗೆ ಜೋರ್ ಬತ್ತ್," ಎಂದೆ ನಾನು.

"ಸೋರ್ತಿಪ್ಪತ್ತಿಗೆ ಪಾಪದ್ದಿದ್ದಿತ್," ಎಂದ, ಸೋರುತ್ತಿದ್ದಾಗ ಅದು ಸಾಧುವಾಗಿತ್ತು ಎಂಬಂತೆ.

ನಾನು ಕೇಳಲಿಲ್ಲ. ಓದಿದವನಿಗೆ ದೋಣಿಯವನು ಹೇಳಿಕೊಡುವುದೇನು! ಅಧಿಕಾರಿಯ ಕುರ್ಚಿಯಲ್ಲಿ ಕೂತವರಿಗೆ ಮಾತ್ರ ಬರುವ ರೋಗವಲ್ಲ ಅದು.

ಬಾಯ್ಲರು ಸಿಡಿದ ದಿನ ಪದ್ಮನಾಭಯ್ಯನವರು ಹೊರಗಿನ ಮರದಡಿಯಲ್ಲಿ ಕೂತು, ಮುಖಕ್ಕೆ ಸಾಬೂನು ಬಳಿದುಕೊಂಡು, ಗುಮಾಸ್ತರಿಗೆ ಒಂದು ಪತ್ರ ಹೇಳಿ ಬರೆಸುತ್ತಿದ್ದರು. ಶೀನ ಬಾಯ್ಲರ್ ತುಂಬಿ, ಮೂರು ಬಾರಿ ತಟ್ಟಿದ. ದಬ್, ದಬ್, ದಬ್. ಪತ್ರದ ನಡುವೆ ಪದ್ಮನಾಭಯ್ಯನವರು "ಶುರುವಾಯಿತು ನೋಡಿ ಇವನ ತಾಳ" ಎಂದದ್ದನ್ನೂ ನಾನು ಕೇಳಿದೆ. ಹತ್ತು ಮಾರು ದೂರದಲ್ಲಿ ಲಾರಿಯ ಡೈನಮೋ ಬಿಚ್ಚಿಕೊಂಡು ಕೂತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಶೀನ ಬಾಗಿಲಿನಿಂದ ಕೂಗಿದ:

"ಒಡೆಯಾ, ನೀರ್ ಕಾಯ್ದಿತ್ತ್. ಒಲಿ ಆರ್ಸ್ಲಾ?"

"ನಾನು ಬರುವವರೆಗೆ ಆರಿಸಬೇಡ. ತಣ್ಣಗಾದರೆ ನಿನ್ನನ್ನು ಕೇಳುತ್ತೇನೆ."

ಪತ್ರ ಉದ್ದವಾಯಿತು. ಶೀನ ಇನ್ನೂ ಎರಡು ಬಾರಿ ಕೇಳಿದ. ಎರಡು ಬಾರಿಯೂ ಕೈ ಬೀಸಿದರು. ಮತ್ತೆ ಬಂದದ್ದು ಸದ್ದಲ್ಲ, ಎದೆಗೆ ಗುದ್ದು. ಬಾಯ್ಲರಿನ ನೆತ್ತಿಯ ತಗಡು ಬೆಸುಗೆಯಿಂದ ಕಿತ್ತು, ವಾಲ್ವು, ಬೆಣೆ ಸಮೇತ ಟ್ರೈಲರಿನ ಚಾವಣಿಯನ್ನು ಸೀಳಿಕೊಂಡು ಹೊಳೆಯ ಕಡೆಗೆ ಹಾರಿತು. ಬಾಗಿಲಿನಲ್ಲಿ ನಿಂತಿದ್ದ ಶೀನನ ಎಡತೋಳು ಹೆಗಲಿನಿಂದ ಮೊಣಕೈಯವರೆಗೆ ಬೆಂದುಹೋಯಿತು. ದೈವಕೃಪೆಯಿಂದ ಪಾರಾದ ಅಧಿಕಾರಿಗಳು ಅರ್ಧ ಗಡ್ಡದೊಂದಿಗೆ ಗದ್ದೆಯ ಮಧ್ಯೆ ನಿಂತಿದ್ದರು. ಅಷ್ಟು ವೇಗವಾಗಿ ಅವರು ಮೋಜಣಿಯಲ್ಲಿ ಎಂದೂ ನಡೆದದ್ದಿಲ್ಲ.

ಅವರ ಮೊದಲ ಮಾತು, ಶೀನನನ್ನು ನಾವು ಬಾಳೆಲೆಯ ಮೇಲೆ ಮಲಗಿಸುತ್ತಿರುವಾಗಲೇ, "ನೀರು ಹಾಕದೆ ಒಲೆ ಹಚ್ಚಿದ್ದಾನೆ" ಎಂಬುದು. ನೀರೇ ಇಲ್ಲದಿದ್ದರೆ ತೋಳು ಬೆಂದದ್ದು ಯಾವುದರಿಂದ ಎಂದು ಕೇಳುವ ಧೈರ್ಯ ಗುಮಾಸ್ತರಿಗಿರಲಿಲ್ಲ.

ವಿಚಾರಣೆ ಕುಂದಾಪುರದ ಪ್ರವಾಸಿ ಬಂಗಲೆಯಲ್ಲಿ ನಡೆಯಿತು. ಮೇಲಿನ ಕಚೇರಿಯ ದೊಡ್ಡ ಇಂಜಿನಿಯರರು ಬಂದಿದ್ದರು. ಸಿಡಿದ ಬಾಯ್ಲರಿನ ಉಳಿದ ಭಾಗ ಹೊರಗಿನ ಜಗಲಿಯಲ್ಲಿ ಗೋಣಿಯಡಿ ಇತ್ತು. ಇಡೀ ದಿನ ಅದರ ಬದಿಯಿಂದಲೇ ಎಲ್ಲರೂ ಒಳಗೆ ಹೋದರು, ಹೊರಗೆ ಬಂದರು. ಯಾರೂ ಗೋಣಿ ಎತ್ತಲಿಲ್ಲ.

ನಾನು ಇದ್ದದ್ದನ್ನು ಹೇಳಿದೆ: ವಾಲ್ವಿಗೆ ಬೆಣೆ ಹೊಡೆದವನು ನಾನು, ಹನಿ ನಿಲ್ಲಿಸಲು ಹೇಳಿದವರು ಆಫೀಸರು, ಬಾಯ್ಲರಿನಲ್ಲಿ ನೀರಿತ್ತು, ಶೀನ ತಟ್ಟಿದ ಸದ್ದು ಶಿಬಿರಕ್ಕೆಲ್ಲ ಕೇಳಿದೆ, ಬರಿದಾದ ಬಾಯ್ಲರಿನ ಬೆಸುಗೆ ಕರಗೀತು, ತಗಡು ಹೀಗೆ ಕಿತ್ತು ಹಾರದು.

ಪದ್ಮನಾಭಯ್ಯನವರು ನಗುತ್ತಲೇ ಎದ್ದರು. "ಸೋರುವುದನ್ನು ರಿಪೇರಿ ಮಾಡು ಎಂದದ್ದು ಹೌದು. ಬೆಣೆ ಹೊಡೆ ಎಂದಿದ್ದೆನೇ?" ಎಂದು ನನ್ನನ್ನು ಕೇಳಿದರು. ಹಾಗೆ ಅವರು ಅಂದಿರಲಿಲ್ಲ. ಇಲ್ಲ ಎಂದೆ. "ಆ ಬೆಣೆ ಎಲ್ಲಿ?" ಮೂರು ದಿನ ಹೊಳೆಯ ಕೆಸರು ಬಗೆದರೂ ಸಿಕ್ಕಿರಲಿಲ್ಲ. ಆಮೇಲೆ ದೊಡ್ಡವರ ಕಡೆ ತಿರುಗಿ, "ಗೆಳೆಯನನ್ನು ಉಳಿಸಲು ಕಥೆ ಕಟ್ಟುತ್ತಿದ್ದಾನೆ ಸಾರ್. ಇವನೇ ಬ್ಯಾಟರಿಗೆ ಸೀಯಾಳ ಕುಡಿಸಿದ ವಿಜ್ಞಾನಿ," ಎಂದರು.

ಕೋಣೆ ನಕ್ಕಿತು. ದೊಡ್ಡ ಇಂಜಿನಿಯರರು ಕನ್ನಡಕ ತೆಗೆದು ಕಣ್ಣೊರಸಿಕೊಂಡರು. ಆ ನಗುವಿನ ನಂತರ ನನ್ನ ಮಾತಿಗೆ ಅಲ್ಲಿ ಸ್ಥಳವಿರಲಿಲ್ಲ. ತಟ್ಟಿದ ಸದ್ದು ಕೇಳಿತೇ ಎಂದು ಗುಮಾಸ್ತರನ್ನು ಕೇಳಿದರು. ಅವರು ಬರೆಯುವುದರಲ್ಲಿ ಮಗ್ನರಾಗಿದ್ದರಂತೆ. ಶೀನನನ್ನು ಕೇಳಿದಾಗ ಅವನು ಹೇಳಿದ್ದು ಒಂದೇ ಮಾತು: "ನೀರ್ ಇದ್ದಿತ್ ಒಡೆಯಾ." ಕೆಲಸದಿಂದ ತೆಗೆದರು. ಕಾರಣದ ಮುಂದೆ "ಅಜ್ಞಾನ" ಎಂದು ಬರೆದರು. ಆ ಪದವೇ ಫೈಲಿನಿಂದ ನುಣುಪು ಕಾಗದಕ್ಕೆ ಈಗ ಜಿಗಿದಿದೆ.

ಕೆಲಸ ಹೋದದ್ದಕ್ಕೆ ಶೀನ ಅಳಲಿಲ್ಲ. ತೋಳಿನ ಗಾಯ ಮಾಯ್ದ ಮೇಲೆ ಕಡವಿಗೆ ಮರಳಿದ. ಅಲ್ಲಿ ಅವನಿಗೆ ಚುಕ್ಕಾಣಿ ಕೊಡಲಿಲ್ಲ. ಬರಿ ಹಂಡೆಗೆ ಬೆಂಕಿ ಹಾಕಿದವನ ಕೈಗೆ ನಲವತ್ತು ಜನರ ಜೀವ ಕೊಡಲಾಗದು ಎಂದರು. ಬೆಂದ ತೋಳಿನಲ್ಲೇ ಹುಟ್ಟು ಹಾಕುತ್ತಿದ್ದ. ಪೇಟೆಯ ಮಕ್ಕಳಿಗೂ ಅವನು ಖಾಲಿಹಂಡಿ ಶೀನ. ಒಮ್ಮೆ ಕಡವಿನಲ್ಲಿ ಸಿಕ್ಕಿದಾಗ ನನಗೆ ಹೇಳಿದ:

"ನಂಗೆ ಆ ಕೆಲ್ಸ ಬೇಡ ಆಚಾರಿ. ನೀರಿದ್ದಿತ್ ಅಂದೇಳಿ ಒಬ್ಬ್ರಾರೂ ಹೇಳುಕಾಗ್ದಾ?"

"ನಾನ್ ಹೇಳಿದೆ ಅಲ್ದಾ ಶೀನಣ್ಣ."

"ನೀನ್ ಹೇಳಿದ್ದೆ. ಸೀಯಾಳ ಹೇಳುಕ್ ಬಿಡ್ಲಿಲ್ಲ," ಎಂದ. ನಕ್ಕ. ಆ ನಗು ಬೈಗುಳವಾಗಿದ್ದರೆ ಚೆನ್ನಾಗಿತ್ತು.

ಕೆಲವು ತಿಂಗಳ ನಂತರ ಕಚೇರಿಯ ಗುಜರಿ ವಿಲೇವಾರಿಯಲ್ಲಿ ಆ ಬಾಯ್ಲರಿನ ದೇಹ ಬಂತು. ತಾಮ್ರದ ಬೆಲೆಗೆ ನಾನೇ ಕೊಂಡೆ. ಹಠ, ಅಷ್ಟೆ. ಗಂಗೊಳ್ಳಿಯ ಮನೆಗೆ ಒಯ್ಯಲು ಅದನ್ನು ಹೊತ್ತು ಕಡವಿನ ದೋಣಿ ಹತ್ತಿದೆ. ಹುಟ್ಟಿನಲ್ಲಿ ಶೀನನಿದ್ದ. ಬಾಯ್ಲರನ್ನು ಕಂಡು ಅವನು ಮುಖ ತಿರುಗಿಸಿದ. ದೋಣಿಯ ತುಂಬ ಸಂತೆಯಿಂದ ಮರಳುವವರು.

"ಹ್ವಾಯ್ ಶೀನ, ನಿನ್ನ್ ಹಂಡಿ ಬಂತಲ್ದಾ! ಈಗಾರೂ ನೀರ್ ಹಾಕ್ ಮಾರಾಯ, ಅಡಿ ತುಂಬ ಹೊಳಿಯೇ ಇತ್ತ್," ಎಂದು ಯಾರೋ ಕೂಗಿದರು. ದೋಣಿ ನಕ್ಕಿತು, ಬಂಗಲೆಯ ಕೋಣೆ ನಕ್ಕ ಹಾಗೆಯೇ.

ನನ್ನ ಎದುರಿಗೆ ಶೆಟ್ಟರ ಮನೆಯ ಒಬ್ಬರು ವಯಸ್ಸಾದ ಶೆಡ್ತಿಯಮ್ಮ ಕೂತಿದ್ದರು. ಆ ಕಡವಿನ ದೋಣಿಗಳಲ್ಲಿ ಅರ್ಧ ಅವರ ಮನೆಯವು. ಅವರು ನಗಲಿಲ್ಲ.

"ಇದೇಯಾ ಆ ಹಂಡಿ? ಇತ್ಲಾಗ್ ತಿರ್ಗ್ಸ್ ಕಾಂಬ."

ನಾನು ಅವರಿಗೆ ಬೆಸುಗೆಯ ಅಂಚು ತೋರಿಸಿ, ಒತ್ತಡ, ಹಬೆ, ತಗಡಿನ ಬಾಗು ಎಂದು ವಿವರಿಸತೊಡಗಿದೆ. ಅವರು ಕೇಳಿಸಿಕೊಳ್ಳಲೇ ಇಲ್ಲ. ಹರಿದ ಬಾಯಿಯೊಳಗೆ ಬಳೆ ಮೇಲೇರಿಸಿ ಕೈ ಹಾಕಿದರು. ತಳವನ್ನು ಅಂಗೈಯಿಂದ ಸುತ್ತ ಸವರಿದರು. ಹೆಬ್ಬೆರಳಿಗೆ ಎಂಜಲು ಹಚ್ಚಿ ಒಂದು ಕಡೆ ಉಜ್ಜಿ, ಬಗ್ಗಿ ನೋಡಿದರು.

"ಯಾರಾ ಹೇಳ್ದ್, ಖಾಲಿ ಹಂಡಿಗೆ ಬೆಂಕಿ ಹಾಕಿರ್ ಅಂದೇಳಿ?"

"ದೊಡ್ಡ್ ದೊಡ್ಡ್ ಇಂಜಿನಿಯರ್ ಹೇಳಿರ್ ಅಮ್ಮಾ," ಎಂದ ಕೂಗಿದವನು.

"ಅವ್ರ್ ಹಂಡಿ ತಿಕ್ಕಿರಾ? ಕಲಾಯಿ ಹಾಂಗೇ ಇತ್ತ್ ಕಾಣ್, ಬೆಳ್ಳಿ ಬಟ್ಲಾಂಗೆ. ಖಾಲಿ ಹಂಡಿಗೆ ಉರಿ ತಾಗ್ರೆ ಕಲಾಯಿ ನಿಲ್ಲುತ್ತಾ? ಕರ್ಗಿ ಮಣಿ ಕಟ್ಟಿ ಅಡಿಗೆ ಇಳೀತ್. ನೀರಿದ್ದಿತ್ ಇದ್ರೊಳ್ಗೆ. ತುಂಬ ಇದ್ದಿತ್."

ದೋಣಿಯಲ್ಲಿದ್ದ ಇನ್ನಿಬ್ಬರು ಹೆಂಗಸರು ಎದ್ದು ಬಂದು ಕೈ ಹಾಕಿದರು. "ಹೌದ್, ಕಲಾಯಿ ಸಮಾ ಇತ್ತ್," ಎಂದರು. ಕೂಗಿದವನು ಹೊಳೆ ನೋಡತೊಡಗಿದ.

ನಾನು ಹೇಳಬೇಕಾದದ್ದು ಇದು. ಒತ್ತಡದ ಲೆಕ್ಕ ನಿಘಂಟಿನ ಸಹಾಯದಿಂದ ಓದಿದ್ದ ನನಗೆ ಬಾಯ್ಲರಿನ ಒಳಗೆ ಒಮ್ಮೆ ಕೈ ಹಾಕಬೇಕೆಂದು ಹೊಳೆದಿರಲಿಲ್ಲ. ದೊಡ್ಡ ಇಂಜಿನಿಯರರಿಗೂ ಹೊಳೆದಿರಲಿಲ್ಲ. ನಮ್ಮಿಬ್ಬರ ನಡುವೆ ಇದ್ದ ವ್ಯತ್ಯಾಸ ಸಂಬಳದ್ದು ಮಾತ್ರ. ಸಾಕ್ಷಿ ಇಡೀ ದಿನ ಜಗಲಿಯ ಮೇಲೆ ಗೋಣಿ ಹೊದ್ದುಕೊಂಡು ಕೂತಿತ್ತು. ಕುಂದಾಪುರದಲ್ಲಿ ಹಂಡೆ ತಿಕ್ಕುವ ಯಾವ ಹೆಂಗಸನ್ನು ಕರೆದಿದ್ದರೂ ವಿಚಾರಣೆ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು.

ಶೆಡ್ತಿಯಮ್ಮ ಕೈ ಒರಸಿಕೊಂಡು ನನ್ನನ್ನೇ ನೋಡಿದರು. "ಮತ್ತೆ ಎಂತಕ್ಕೆ ಒಡೀತ್? ಉಸ್ರಿಗೊಂದ್ ಬಾಯಿ ಇರುದಿಲ್ಯಾ ಇದ್ಕೆ?"

"ಇದ್ದಿತ್ ಅಮ್ಮಾ."

"ಯಾರ್ ಮುಚ್ಚದ್?"

ದೋಣಿ ಹೊಳೆಯ ನಡುವಿನಲ್ಲಿತ್ತು. ಶೀನ ಹುಟ್ಟು ನಿಲ್ಲಿಸಿದ್ದ. ಆಫೀಸರ ಹೆಸರು ನಾಲಿಗೆಯ ತುದಿಗೆ ಬಂತು, ನುಂಗಿದೆ.

"ನಾನ್," ಎಂದೆ.

ಶೆಡ್ತಿಯಮ್ಮ ಮೇಲೇರಿಸಿದ್ದ ಬಳೆಗಳನ್ನು ಒಂದೊಂದಾಗಿ ಕೆಳಗಿಳಿಸಿಕೊಂಡರು. ದಡ ಹತ್ತಿರ ಬಂದಾಗ, "ನಿನ್ನಪ್ಪ ಒಳ್ಳೆ ದೋಣಿ ಕಟ್ತಿದ್ದ," ಎಂದಷ್ಟೇ ಹೇಳಿದರು. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ಕಚೇರಿಯೂ ನನಗೆ ಕೊಟ್ಟಿಲ್ಲ. ಆಮೇಲೆ ಹಿಂದೆ ತಿರುಗಿ, "ಶೀನಾ, ನಾಳೆಯಿಂದ ಚುಕ್ಕಾಣಿ ಹಿಡಿ," ಎಂದರು.

ಶೀನ ದೋಣಿಯನ್ನು ದಡಕ್ಕೆ ತಾಗಿಸಿ ಹುಟ್ಟು ಒಳಗಿಟ್ಟ. ನಾನು ಬಾಯ್ಲರನ್ನು ಹೆಗಲಿಗೇರಿಸಲು ಬಗ್ಗಿದಾಗ ಹತ್ತಿರ ಬಂದು, ಗೆಣ್ಣಿನಿಂದ ಒಮ್ಮೆ ಅದಕ್ಕೆ ತಟ್ಟಿದ. ಠಣ್ ಎಂದಿತು.

"ಈಗ ಖಾಲಿ," ಎಂದ.

ಆ ಮೇಲೆ ಅವನು ತನ್ನ ಕೊನೆಯವರೆಗೂ ಆ ಕಡವಿನಲ್ಲಿ ಚುಕ್ಕಾಣಿ ಹಿಡಿದ. ಸೇತುವೆ ಬರುವ ಮೊದಲೇ ತೀರಿಕೊಂಡ. ಫೈಲನ್ನು ಮಾತ್ರ ಯಾರೂ ತಿದ್ದಲಿಲ್ಲ. ಕಡವಿನಲ್ಲಿ ಎಲ್ಲರಿಗೂ ಗೊತ್ತಾದದ್ದು ಕಚೇರಿಗೆ ತಲುಪಲು ಸೇತುವೆ ಸಾಲದು.

ಇನ್ನು ಹೊಸಬರಿಗೆ. ತೊಟ್ಟಿಕ್ಕುವುದೆಲ್ಲ ಕೆಟ್ಟದ್ದಲ್ಲ, ಅದಕ್ಕೊಂದು ಕೊಳವೆ ಹಾಕಿ. ನೀರು ತುಂಬುವವನು ನಳ್ಳಿ ಉಗಿಯುತ್ತದೆ ಎಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಹೋಗಿ. ಸಂಚಿಕೆಯ ಹನ್ನೊಂದನೆಯ ಪುಟ ಬರೆದ ಮಹನೀಯರಿಗೆ ನಾನು ಪತ್ರ ಬರೆಯುವುದಿಲ್ಲ. ಅವರು ಸೈಕಲ್ಲು ಹತ್ತಿ ಬರಲಿ. ಬಾಯ್ಲರು ನನ್ನ ಬಚ್ಚಲಿನ ಹೊರಗೆ ಗೋಡೆಗೆ ಒರಗಿದೆ. ಪುಸ್ತಕ ತರುವುದು ಬೇಡ. ಅಂಗಿಯ ತೋಳು ಮೇಲೇರಿಸಿ ಒಳಗೆ ಕೈ ಹಾಕಲಿ. ಕಲಾಯಿ ಇನ್ನೂ ಹಾಗೆಯೇ ಇದೆ.